ಹೊಸ ಬಡಾವಣೆಯ ಮನೆ: ಅಳತೆ ಯಾರದು?

(ಕುಂದಾಪುರದಲ್ಲಿ ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ನೀವು ನಮಗೆ ಕೊಟ್ಟ ವಿಷಯ ಮನೆ. ಮನೆಯ ವಿಷಯ ಮಾತನಾಡಲು ಪಂಡಿತರು ಬೇಕಿಲ್ಲ. ಮಳೆಗಾಲದಲ್ಲಿ ಸೋರುವ ಮಾಡಿನ ಕೆಳಗೆ ಪಾತ್ರೆ ಇಟ್ಟು ಮಲಗಿದವರೆಲ್ಲರೂ ಅದನ್ನು ಬಲ್ಲರು. ಆದರೂ ನಾಲ್ಕು ಮಾತು ಒಟ್ಟಿಗೆ ಕೂಡಿಸಿ ಹೇಳಿದರೆ, ನಾಳೆ ಕಾಗದಕ್ಕೆ ರುಜು ಹಾಕುವವರಿಗೆ ಉಪಯೋಗವಾದೀತೆಂದು ಬಂದಿದ್ದೇವೆ.

ಬ್ರಹ್ಮಾವರದಿಂದ ಹೊರಟು ಸಾಲಿಗ್ರಾಮ, ಕೋಟ, ತೆಕ್ಕಟ್ಟೆ, ಕುಂಭಾಶಿ, ಕೋಟೇಶ್ವರ ದಾಟಿ ಕುಂದಾಪುರಕ್ಕೆ ಬನ್ನಿ. ಅಲ್ಲಿಂದ ತಲ್ಲೂರು, ಹೆಮ್ಮಾಡಿ, ತ್ರಾಸಿ, ನಾವುಂದ, ಉಪ್ಪುಂದ ಹಾದು ಬೈಂದೂರಿಗೆ ಹೋಗಿ. ಹೆದ್ದಾರಿಯ ಎರಡೂ ಬದಿಗೆ ಬಡಾವಣೆಗಳ ಬೋರ್ಡು. ನಿನ್ನೆ ಗದ್ದೆಯಾಗಿದ್ದಲ್ಲಿ, ಹಡಿಯಾಗಿದ್ದಲ್ಲಿ ಇಂದು ಕೆಂಪು ಮಣ್ಣು ಹೊಯ್ದು ಕಲ್ಲು ನೆಟ್ಟಿದ್ದಾರೆ. 2018ರಲ್ಲಿ ಬ್ರಹ್ಮಾವರವೂ ಬೈಂದೂರೂ ತಾಲೂಕುಗಳಾದವು. ತಾಲೂಕು ಕಚೇರಿ ಬಂದಲ್ಲಿಗೆ ಜಾಗದ ಬೆಲೆಯೂ ಏರುತ್ತ ಬರುವುದು ಸಹಜ. ಮನೆಗಳು ಸಾಲು ಸಾಲಾಗಿ ಏಳುತ್ತಿವೆ. ಒಂದು ಮನೆಯ ನಕ್ಷೆ ನೋಡಿದರೆ ಹತ್ತು ಮನೆ ನೋಡಿದಂತೆ.

ಈ ಮನೆಗಳು ಎರಡು ಬಗೆ. ಒಂದು, ಸರಕಾರದ ಸಹಾಯಧನದಿಂದ ಕಾಲೊನಿಗಳಲ್ಲಿ ಏಳುವ ಮನೆ. ಇದು ಹಂಚಿನ ಕಾರ್ಖಾನೆ, ಗೇರುಬೀಜ ಕಾರ್ಖಾನೆ, ಅಕ್ಕಿಗಿರಣಿಯಲ್ಲಿ ದುಡಿಯುವವರದು, ಬೀಡಿ ಕಟ್ಟುವವರದು. ಇನ್ನೊಂದು, ಬ್ಯಾಂಕಿನ ಸಾಲದಿಂದ ಖಾಸಗಿ ಬಡಾವಣೆಯಲ್ಲಿ ಏಳುವ ಮನೆ. ಇದು ಪೇಟೆಯ ಸಣ್ಣ ಅಂಗಡಿಕಾರರದು, ಮಗ ಬೆಂಗಳೂರಿನ ಹೋಟೆಲಿನಲ್ಲೋ ಗಲ್ಫಿನಲ್ಲೋ ದುಡಿದು ಹಣ ಕಳಿಸುವವರದು. ಒಂದು ಚಿಕ್ಕದು, ಇನ್ನೊಂದು ಅಷ್ಟು ಚಿಕ್ಕದಲ್ಲ. ಆದರೆ ಎರಡರ ಅಳತೆಯನ್ನೂ ಅದರೊಳಗೆ ಬಾಳುವವರು ಮಾಡಿದ್ದಲ್ಲ. ನಮ್ಮ ಇಂದಿನ ಮಾತೆಲ್ಲ ಇದರ ಸುತ್ತಲೇ.

ಹಳೆಯ ಮನೆಯ ಹೊಗಳಿಕೆ

ಮೊದಲು ಒಂದು ಎಚ್ಚರಿಕೆ. ಹೊಸ ಮನೆಯನ್ನು ಬೈಯುವವರು ಹಲವರು ಹಳೆಯ ಮನೆಯನ್ನು ಹಾಡಿ ಹೊಗಳುತ್ತಾರೆ. ಹೆಬ್ಬಾಗಿಲು, ಚಾವಡಿ, ಒಳಾಂಗಣ, ಮರದ ಮುಚ್ಚಿಗೆ, ತಂಪು! ನಿಜ. ಆದರೆ ಅಂಥ ಮನೆ ಊರಿಗೆ ಎಷ್ಟಿತ್ತು? ಉಳಿದವರು ಎಲ್ಲಿದ್ದರು? ಒಕ್ಕಲು ಮಾಡುವವನು ಮುಳಿಹುಲ್ಲಿನ ಮಾಡಿನ ಕೆಳಗಿದ್ದ. ಆ ಮನೆ ನಿಂತ ನೆಲವೂ ಅವನದಲ್ಲ. ಧಣಿಯ ಜಗಲಿಯನ್ನು ಯಾರು ಹತ್ತಬಹುದು, ಯಾರು ಅಂಗಳದಲ್ಲೇ ನಿಲ್ಲಬೇಕು ಎಂಬುದೂ ಆ ಮನೆಯ ನಕ್ಷೆಯೊಳಗೇ ಇತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿದಾರನಿಗೆ ಗದ್ದೆಯನ್ನೂ, ಕೃಷಿಕಾರ್ಮಿಕನಿಗೆ ತಾನು ಕೂತ ಮನೆಯಡಿಯ ನೆಲವನ್ನೂ ಪಡೆಯುವ ಹಕ್ಕು ಕೊಟ್ಟಿತು. ಆದುದರಿಂದ ಹಿಂದಕ್ಕೆ ಹೋಗೋಣವೆಂದು ನಾವು ಹೇಳುವವರಲ್ಲ.

ಆದರೆ ಹಳೆಯ ಮನೆಯಿಂದ, ಗುಡಿಸಲಿನಿಂದಲೂ ಕೂಡ, ಒಂದು ವಿಷಯ ಕಲಿಯಬಹುದು. ಅದನ್ನು ಕಟ್ಟಿದವರಿಗೆ ನಮ್ಮ ಮಳೆ ಗೊತ್ತಿತ್ತು, ನಮ್ಮ ಕೆಲಸ ಗೊತ್ತಿತ್ತು. ಇಳಿಜಾರಾದ ಮಾಡು, ಗೋಡೆಯಿಂದ ಮುಂದಕ್ಕೆ ಚಾಚಿದ ಸೂರು, ಎದುರಿಗೆ ಜಗಲಿ, ಹಿಂದೆ ಬಚ್ಚಲು, ಒಣ ಸೌದೆಗೆ ಒಂದು ಇಳಿಮಾಡು. ನಾಲ್ಕು ತಿಂಗಳ ಮಳೆಗಾಲವನ್ನು ಕಳೆಯಲು ಬೇಕಾದುದೆಲ್ಲ ಅದರಲ್ಲಿ ಇತ್ತು.

25 ಮೀಟರಿನ ಲೆಕ್ಕ

ಈಗ ಕಾಲೊನಿ ಮನೆಗೆ ಬರೋಣ. ನಾವು ಒಂದು ಕಾಲಕ್ಕೆ ಶಾಲೆಯಲ್ಲಿ ಪಾಠ ಹೇಳಿದವರು. ಹಲಗೆ ಇಲ್ಲದಿದ್ದರೂ ಲೆಕ್ಕ ಮಾಡದೆ ಬಿಡೆವು.

1970ರ ದಶಕದ ಜನತಾ ಮನೆಯಿಂದ ಹಿಡಿದು ಆಶ್ರಯ, ಇಂದಿರಾ ಆವಾಸ್, ಬಸವ ವಸತಿ, ಪ್ರಧಾನಮಂತ್ರಿ ಆವಾಸ್ ಎಂದು ಹೆಸರು ಬದಲಾಗುತ್ತ ಬಂದಿದೆ. ಇಂದಿರಾ ಆವಾಸ್ ಮನೆಯ ಅಳತೆ ಕನಿಷ್ಠ 20 ಚದರ ಮೀಟರ್ ಇತ್ತು. 2016ರಲ್ಲಿ ಅದರ ಬದಲಿಗೆ ಬಂದ ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಅಡುಗೆಯ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರ್ ಎಂದು ಮಾಡಿದರು. ಬಯಲುಸೀಮೆಯ ಲೆಕ್ಕದಲ್ಲಿ ಸಹಾಯಧನ 1 ಲಕ್ಷ 20 ಸಾವಿರ ರೂಪಾಯಿ ಎಂದು ಗೊತ್ತುಮಾಡಿದರು. 25 ಚದರ ಮೀಟರ್ ಎಂದರೆ 269 ಚದರಡಿ. ಸುಮಾರು ಹದಿನೇಳು ಅಡಿ ಉದ್ದ, ಹದಿನಾರು ಅಡಿ ಅಗಲ.

ಈ 25 ಎಂಬ ಅಂಕೆಯನ್ನು ಬಿಡಿಸಿ ನೋಡೋಣ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ಎಂಬುದೊಂದಿದೆ. ಎರಡು ಕೋಣೆಯ ಮನೆಯಾದರೆ ಒಂದು ಕೋಣೆ 9.5 ಚದರ ಮೀಟರಿಗೂ, ಇನ್ನೊಂದು 7.5ಕ್ಕೂ ಕಡಿಮೆ ಇರಬಾರದೆಂದು ಅದು ಹೇಳುತ್ತದೆ. ಅಡುಗೆಮನೆ 5, ಬಚ್ಚಲು 1.8, ಕಕ್ಕಸು 1.1. ಕೂಡಿಸಿ. 24.9 ಆಯಿತು. ಸರಕಾರದ ಅಳತೆಯಲ್ಲಿ ಉಳಿದದ್ದು 0.1 ಚದರ ಮೀಟರ್. ಒಂದು ಅಡಿ ಉದ್ದ, ಒಂದು ಅಡಿ ಅಗಲ. ಅದರಲ್ಲಿ ಒಂದು ಮಣೆ ಹಾಕಬಹುದು. ಇನ್ನು ಕೋಣೆಗಳ ನಡುವಣ ಗೋಡೆಗೆ ಜಾಗ ಎಲ್ಲಿಂದ? ಜಗಲಿ ಎಲ್ಲಿಂದ? ಹೀಗಾಗಿ ಎರಡನೆಯ ಕೋಣೆಯನ್ನು ಮೊಟಕು ಮಾಡುತ್ತಾರೆ, ಇಲ್ಲವೆ ಬಿಟ್ಟೇ ಬಿಡುತ್ತಾರೆ.

ಐದು ಜನರ ಸಂಸಾರ ಎಂದಿಟ್ಟುಕೊಳ್ಳಿ. ಒಂದು ಚಾಪೆಗೆ ಮೂರು ಅಡಿ ಅಗಲ, ಆರು ಅಡಿ ಉದ್ದ, 18 ಚದರಡಿ. ಐದು ಚಾಪೆಗೆ 90. ದೊಡ್ಡ ಕೋಣೆಯ 102 ಚದರಡಿಯಲ್ಲಿ ಐದು ಚಾಪೆ ಹಾಸಿದರೆ ಕಾಲಿಡಲು ತೆರಪಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ಗಂಡಸು ಹಗಲು ಮಲಗುವುದೆಲ್ಲಿ? ಹತ್ತನೆಯ ತರಗತಿಯ ಹುಡುಗಿ ಓದುವುದೆಲ್ಲಿ? ಬಾಣಂತಿ ಬಂದರೆ? ಹಾಸಿಗೆ ಹಿಡಿದ ಅತ್ತೆ ಇದ್ದರೆ?

ಇನ್ನೊಂದು ಸಂಗತಿ ಇದೆ. ಬೀಡಿ ಕಟ್ಟುವ ಹೆಂಗಸಿಗೆ ಮನೆಯೇ ಕಾರ್ಖಾನೆ. ಎಲೆಯ ಕಟ್ಟು, ಹೊಗೆಸೊಪ್ಪು, ಕತ್ತರಿ, ಗೆರಸೆ ಇವುಗಳೊಂದಿಗೆ ಬೆಳಕಿರುವಲ್ಲಿ ಗಂಟೆಗಟ್ಟಲೆ ಕೂರಬೇಕು. ಕಂಪೆನಿಗೆ ಶೆಡ್ಡು ಕಟ್ಟುವ ಖರ್ಚಿಲ್ಲ, ಬಾಡಿಗೆ ಇಲ್ಲ, ವಿದ್ಯುತ್ತಿನ ಬಿಲ್ಲಿಲ್ಲ. ಆ ಕಾರ್ಖಾನೆಗೆ ಜಾಗ ಕೊಟ್ಟವಳು ಅವಳು. ಆದರೆ 269 ಚದರಡಿಯ ನಕ್ಷೆ ಬರೆದವರು ಅವಳ ಕೆಲಸಕ್ಕೆಂದು ಒಂದು ಮೊಳವನ್ನೂ ಬಿಡಲಿಲ್ಲ. ಮೀನು ಮಾರುವವಳಿಗೆ ಬುಟ್ಟಿ ತೊಳೆಯುವ ಕಲ್ಲು ಬೇಕು, ಹೊಲಿಗೆಯವಳಿಗೆ ಮಿಶನ್ನು ಇಡುವ ಕಿಟಕಿಯ ಬದಿ ಬೇಕು. ದುಡಿಯುವವರ ಮನೆಯ ನಕ್ಷೆಯಲ್ಲಿ ದುಡಿಮೆಗೆ ಜಾಗವಿಲ್ಲ ಎಂದರೆ ಅದು ಯಾರ ಮನೆ?

“ಏನೂ ಇಲ್ಲದವನಿಗೆ 25 ಮೀಟರಾದರೂ ಸಿಕ್ಕಿತಲ್ಲ” ಎಂದು ಕೆಲವರು ಹೇಳುವರು. ಅಹುದು, ಸಿಕ್ಕಿದ್ದನ್ನು ಬಿಡಬೇಡಿ. ಆದರೆ ಕನಿಷ್ಠ ಎಂದು ಬರೆದದ್ದು ಗರಿಷ್ಠವಾಗಿ ಮುಗಿಯುವುದೇಕೆ? ಸಹಾಯಧನ ಅಷ್ಟಕ್ಕೇ ಸಾಲದಿರುವುದರಿಂದ. ಪಕ್ಕದ ಕೇರಳದಲ್ಲಿ ಲೈಫ್ ಯೋಜನೆಯಲ್ಲಿ ಮನೆಯೊಂದಕ್ಕೆ 4 ಲಕ್ಷ ರೂಪಾಯಿ ಕೊಟ್ಟು ಸುಮಾರು 400 ಚದರಡಿಯ ಮನೆ ಕಟ್ಟಿಸಿದ್ದಾರೆ. ಮಳೆ ಅಲ್ಲಿಯೂ ಅದೇ, ಕೆಂಪುಕಲ್ಲೂ ಅದೇ. ಅಲ್ಲಿ ಆದದ್ದು ಇಲ್ಲಿ ಆಗದೆಂದು ಯಾರೂ ಹೇಳಲಾರರು.

ಸಾವಿರ ಚದರಡಿಯ ಮನೆ

ಇನ್ನು ಖಾಸಗಿ ಬಡಾವಣೆ. ಐದು ಸೆಂಟ್ಸ್ ಜಾಗ, ಎರಡು ಮಲಗುವ ಕೋಣೆಯ ಆರ್‌ಸಿಸಿ ಮನೆ, ಸುತ್ತ ಕಂಪೌಂಡು, ಅಂಗಳಕ್ಕೆ ಇಂಟರ್‌ಲಾಕು. “ಸಾವಿರ ಚದರಡಿ” ಎಂದು ಬರೆದಿರುತ್ತಾರೆ. ಈ ಸಾವಿರವನ್ನೂ ಅಳೆಯೋಣ. 40 ಅಡಿ ಉದ್ದ, 25 ಅಡಿ ಅಗಲದ ಮನೆ. ಹೊರಗೋಡೆ ಎಂಟು ಇಂಚು. ಗೋಡೆಯೇ 85 ಚದರಡಿ ತಿಂದಿತು. ಒಳಗೆ ಉಳಿದದ್ದು 915. ಜಗಲಿಯನ್ನೂ ಸಾವಿರದಲ್ಲೇ ಸೇರಿಸಿದ್ದರೆ ಇನ್ನೂ ಕಡಿಮೆ. ಆದುದರಿಂದ “ಎಷ್ಟು ಚದರಡಿ?” ಎಂದು ಕೇಳಿ ಸುಮ್ಮನಾಗಬೇಡಿ, “ಕಾರ್ಪೆಟ್ ಏರಿಯಾ ಎಷ್ಟು?” ಎಂದು ಕೇಳಿ. 2016ರ ರೇರಾ ಕಾನೂನು ಇದರ ಅರ್ಥವನ್ನು ಗೊತ್ತುಮಾಡಿದೆ: ಹೊರಗೋಡೆ ಬಿಟ್ಟು, ಒಳಗಿನ ಅಡ್ಡಗೋಡೆ ಸೇರಿಸಿ, ಉಪಯೋಗಕ್ಕೆ ಸಿಗುವ ನೆಲ.

ಆದರೆ ಆ ಕಾನೂನಿನಲ್ಲಿ ನಮ್ಮ ಕಡೆಯವರು ಗಮನಿಸಬೇಕಾದ ಒಂದು ಅಂಶವಿದೆ. ಜಗಲಿ ಆ ಲೆಕ್ಕಕ್ಕೆ ಬರುವುದಿಲ್ಲ. ದೊಡ್ಡ ನಗರದ ಫ್ಲಾಟಿಗೆ ಇದು ಸರಿಯಿರಬಹುದು. ಆದರೆ ಕುಂದಾಪುರದಲ್ಲಿ ಅರ್ಧ ಬದುಕು ನಡೆಯುವುದೇ ಜಗಲಿಯಲ್ಲಿ. ನೆಂಟರು ಕೂರುವುದು, ಮಕ್ಕಳು ಓದುವುದು, ಹೆಂಗಸರು ಹೂ ಕಟ್ಟುವುದು, ಬೀಡಿ ಕಟ್ಟುವುದು, ಮಳೆ ನೋಡುತ್ತ ಮುದುಕರು ಎಲೆ ಅಡಿಕೆ ಹಾಕುವುದು. ಕಾಗದದ ಮೇಲೆ ಒಂದೇ ಅಳತೆಯ ಎರಡು ಮನೆಗಳಲ್ಲಿ ಒಂದಕ್ಕೆ ಹತ್ತು ಅಡಿ ಅಗಲದ ಜಗಲಿ, ಇನ್ನೊಂದಕ್ಕೆ ಎರಡು ಕುರ್ಚಿ ಹಿಡಿಸುವ ‘ಸಿಟೌಟು’ ಇರಬಹುದು. ಜಗಲಿಯನ್ನು ಬೇರೆಯೇ ಅಳೆದು ನೋಡಿ.

ಹಾಗಾದರೆ ಜಾಗ ಎಲ್ಲಿ ಹೋಯಿತು? ಎಲಿವೇಶನ್ನಿಗೆ ಹೋಯಿತು. ಎದುರಿಗೆ ನಾಲ್ಕು ದಪ್ಪ ಕಂಬ, ಕೋಣೆಗೊಂದು ಬಚ್ಚಲು, ಬೀದಿಯಿಂದ ಚಂದ ಕಾಣುವ ದೊಡ್ಡ ಹಾಲು. ಅಡುಗೆಮನೆ ಮಾತ್ರ ಹಿಂದಿನ ಮೂಲೆಯಲ್ಲಿ, ಇಬ್ಬರು ನಿಂತರೆ ಮೊಣಕೈ ತಾಗುವಂತೆ. ಕೋಟೇಶ್ವರದ ಬದಿಯ ಒಂದು ಹೊಸ ಮನೆಗೆ ಒಕ್ಕಲಿನ ದಿನ ಹೋಗಿದ್ದೆವು. ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಮನೆಯ ಹಿರಿಯ ಹೆಂಗಸು ಎಲ್ಲ ತೋರಿಸಿ ಕೊನೆಗೆ ಮೆಲ್ಲಗೆ ಕೇಳಿದರು: “ಹ್ವಾಯ್ ಮಾಷ್ಟ್ರೇ, ಮಳಿಗಾಲ್ದಂಗೆ ಬಟ್ಟಿ ಒಣಗ್ಸುಕೆ ಜಾಗ ಎಲ್ಲಿತ್ತ್?” ಇಂಜಿನಿಯರರೂ, ಕಂತ್ರಾಟುದಾರರೂ, ಮನೆಯ ಯಜಮಾನರೂ ಅಲ್ಲೇ ಇದ್ದರು. ಯಾರಲ್ಲಿಯೂ ಉತ್ತರವಿರಲಿಲ್ಲ. ಜೂನಿನಿಂದ ಸೆಪ್ಟೆಂಬರಿನ ತನಕ ದಿನವೂ ಬರುವ ಪ್ರಶ್ನೆ ಅದು. ನಕ್ಷೆ ಬರೆಯುವಾಗ ಆಕೆಯನ್ನು ಯಾರೂ ಕೇಳಿರಲಿಲ್ಲ.

ಈ ಆಡಂಬರಕ್ಕೆ ಬೆಲೆ ಎಷ್ಟು ಗೊತ್ತೇ? ಚದರಡಿಗೆ 2,000 ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಉಪಯೋಗವಿಲ್ಲದ ನೂರು ಚದರಡಿಗೆ 2 ಲಕ್ಷ. ಅದನ್ನು ನೂರಕ್ಕೆ 9ರ ಬಡ್ಡಿಗೆ 20 ವರುಷದ ಸಾಲ ಮಾಡಿದರೆ ತಿಂಗಳಿಗೆ ಸುಮಾರು 1,800 ರೂಪಾಯಿ. ಒಟ್ಟು ಕಟ್ಟುವುದು 4 ಲಕ್ಷ 32 ಸಾವಿರ. ಇಡೀ ಮನೆಗೆ 20 ಲಕ್ಷ ಸಾಲ ತೆಗೆದವರು ತಿಂಗಳಿಗೆ ಸುಮಾರು 18,000ದಂತೆ ಒಟ್ಟು 43 ಲಕ್ಷ ಕಟ್ಟುತ್ತಾರೆ. ಕಿರಾಣಿ ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿಯ ತನಕ ನಿಂತು ದುಡಿದ ಹಣ ಹೀಗೆ ಹೋಗುತ್ತದೆ. ಬೀದಿಯಲ್ಲಿ ಹೋಗುವವನು ಒಮ್ಮೆ ತಿರುಗಿ ನೋಡಲೆಂದು 20 ವರುಷ ಬಡ್ಡಿ ಕಟ್ಟುವುದು ಯಾವ ವ್ಯಾಪಾರ? ಅಂಗಡಿಯಲ್ಲಿ ಪಾವಲಿ ಲೆಕ್ಕ ಬಿಡದವರು ಮನೆಯಲ್ಲಿ ಏಕೆ ಬಿಡಬೇಕು?

ಮಳೆ, ಉಪ್ಪು, ಹಂಚು

ನಮ್ಮಲ್ಲಿ ವರುಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಸಾವಿರ ಚದರಡಿಯ ಚಾವಣಿಯ ಮೇಲೆ ವರುಷಕ್ಕೆ ಬೀಳುವ ನೀರು 3 ಲಕ್ಷ 70 ಸಾವಿರ ಲೀಟರ್. ಇಳಿಜಾರು ಮಾಡಾದರೆ ಆ ನೀರು ನಿಲ್ಲದೆ ಹರಿಯುತ್ತದೆ. ಚಪ್ಪಟೆ ತಾರಸಿಯ ಮೇಲೆ ಅದು ನಿಲ್ಲುತ್ತದೆ, ಎಲೆ ಕಟ್ಟಿಕೊಳ್ಳುತ್ತದೆ, ಪಾಚಿ ಬೆಳೆಯುತ್ತದೆ, ಕೂದಲೆಳೆಯ ಬಿರುಕು ಹುಡುಕಿ ಒಳಗಿಳಿಯುತ್ತದೆ. ನಾಲ್ಕೈದು ಮಳೆಗಾಲ ಕಳೆದ ಮೇಲೆ ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ತಗಡಿನ ಶೀಟು ಹೊದೆಸುತ್ತಾರೆ. ಯಾವ ಬಡಾವಣೆಗೆ ಹೋದರೂ ಇದನ್ನು ಕಾಣಬಹುದು. ಒಂದು ಮನೆಗೆ ಎರಡು ಮಾಡು, ಎರಡು ಖರ್ಚು. ಬಟ್ಟೆ ಒಣಗಿಸಲು ಕೊನೆಗೆ ಜಾಗ ಸಿಕ್ಕಿದ್ದೂ ಆ ತಗಡಿನ ಕೆಳಗೇ!

ಉಪ್ಪುಗಾಳಿಯ ಮಾತೂ ಇದೆ. ಸಜ್ಜಾದಿಂದ ಸಿಮೆಂಟು ಕಳಚಿ ತುಕ್ಕು ಹಿಡಿದ ಕಂಬಿ ಹೊರಬಿದ್ದುದನ್ನು ನೀವೆಲ್ಲ ನೋಡಿದ್ದೀರಿ. 2000ದ ಭಾರತೀಯ ಮಾನಕ 456ರ ಪ್ರಕಾರ, ಸಾಮಾನ್ಯ ಕಡೆ ಕಂಬಿಯ ಮೇಲೆ 20 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ ಸಾಕು. ಕರಾವಳಿಯಲ್ಲಿ ಗಾಳಿಯ ಮರೆಯಲ್ಲಿರುವುದಕ್ಕೆ 30, ಗಾಳಿಗೆ ಒಡ್ಡಿದ್ದಕ್ಕೆ 45 ಬೇಕು. ಘಟ್ಟದ ಮೇಲಿನ ನಕ್ಷೆಯನ್ನು ತಂದು ಕಡಲ ಬದಿಯಲ್ಲಿ ಕಟ್ಟಿದರೆ ಕಬ್ಬಿಣಕ್ಕೆ ಅದು ತಿಳಿಯದೆ ಇರುತ್ತದೆಯೆ?

ಇಲ್ಲಿ ಹಂಚಿನ ಕಾರ್ಮಿಕರ ಪ್ರಶ್ನೆ ಬರುತ್ತದೆ. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಆಮೇಲೆ ಹೊಳೆಯ ಮಣ್ಣು, ದೋಣಿಯ ಸಾಗಾಟ ಇದ್ದಲ್ಲೆಲ್ಲ ಕರಾವಳಿಯುದ್ದಕ್ಕೂ ಕಾರ್ಖಾನೆಗಳೆದ್ದವು. ಕುಂದಾಪುರವೂ ಅವುಗಳಿಗೆ ಹೆಸರಾಯಿತು. ಮುಂದೆ ಕಾಂಕ್ರೀಟು ಬಂತು, ಒಂದೊಂದಾಗಿ ಚಿಮಿಣಿಗಳು ತಣ್ಣಗಾದವು. ಜನ ಹಂಚು ಬಿಟ್ಟದ್ದು ಬರೇ ಮೋಹದಿಂದಲ್ಲ. ಪಕಾಸಿಗೂ ರೀಪಿಗೂ ಮರ ತುಟ್ಟಿಯಾಯಿತು, ಗೆದ್ದಲು ಹಿಡಿಯಿತು, ಮಂಗಗಳು ಹಂಚು ಒಡೆದವು, ವರುಷಕ್ಕೊಮ್ಮೆ ಮಾಡು ಹತ್ತುವವರು ಸಿಗದಾದರು. ಮುಂದೆ ಮೇಲಂತಸ್ತು ಕಟ್ಟಬಹುದೆಂಬ ಆಸೆಯೂ ಇತ್ತು. ಇವೆಲ್ಲ ನ್ಯಾಯವಾದ ಕಾರಣಗಳೇ.

ಆದರೆ ಹಂಚೋ ಕಾಂಕ್ರೀಟೋ ಎಂದು ಜಗಳ ಆಡಬೇಕಿಲ್ಲ. ತಿರುವನಂತಪುರದಲ್ಲಿ ಬಾಳಿ 2007ರಲ್ಲಿ ತೀರಿಕೊಂಡ ಲಾರಿ ಬೇಕರ್ ಎಂಬ ವಾಸ್ತುಶಿಲ್ಪಿ ಒಂದು ದಾರಿ ತೋರಿಸಿದ್ದಾರೆ. ಕಾಂಕ್ರೀಟು ಚಾವಣಿಯ ಕೆಳಭಾಗದಲ್ಲಿ, ಕಂಬಿಗಳ ನಡುವೆ, ಮಂಗಳೂರು ಹಂಚುಗಳನ್ನು ಇಟ್ಟು ಎರಕ ಹೊಯ್ಯುವುದು. ಅಲ್ಲಿ ಕಾಂಕ್ರೀಟು ಹೇಗೂ ಭಾರ ಹೊರುವುದಿಲ್ಲ. ಹಂಚು ಅದರ ಜಾಗ ತುಂಬುತ್ತದೆ. ಸಿಮೆಂಟೂ ತೂಕವೂ ಕಡಿಮೆ, ಕೆಳಗೆ ತಂಪು. ಹಳೆಯ ಹಂಚಾದರೂ ಆಗುತ್ತದೆ. ಆ ಚಾವಣಿಯನ್ನು ಚಪ್ಪಟೆ ಮಾಡದೆ ಇಳಿಜಾರು ಮಾಡಿದರೆ ಎರಡನೆಯ ಮಾಡೂ ಬೇಡ. ಸರಕಾರ ಈ ಮೂರು ತಾಲೂಕುಗಳ ಕಾಲೊನಿ ಮನೆಗಳಿಗೆ ಇಂಥ ಚಾವಣಿ ಎಂದು ಗೊತ್ತುಮಾಡಿದರೆ, ಮನೆಯೂ ಆದೀತು, ಉಳಿದ ಕಾರ್ಖಾನೆಗಳಿಗೆ ಕೆಲಸವೂ ಬಂದೀತು.

ನೆಲ ಮತ್ತು ಬಾವಿ

ಐದು ಸೆಂಟ್ಸ್ ಎಂದರೆ 2,178 ಚದರಡಿ. ಚೌಕವಾಗಿದ್ದರೆ ಒಂದು ಬದಿ 47 ಅಡಿಗೂ ಕಡಿಮೆ. ಬಾವಿಗೂ ಕಕ್ಕಸಿನ ಗುಂಡಿಗೂ 50 ಅಡಿ ಅಂತರವಿರಬೇಕೆಂದು ಆರೋಗ್ಯದ ಪಾಠದಲ್ಲಿ ನಾವೇ ಮಕ್ಕಳಿಗೆ ಹೇಳಿದ್ದೇವೆ. 47ರಲ್ಲಿ 50 ಎಲ್ಲಿಂದ ತರುವುದು? ಒಂದು ಮೂಲೆಯಲ್ಲಿ ಬಾವಿ, ಎದುರು ಮೂಲೆಯಲ್ಲಿ ಗುಂಡಿ ಮಾಡಿದರೆ ನಿಮ್ಮ ಬಾವಿ ಉಳಿದೀತು. ಆದರೆ ಗೋಡೆಯಾಚೆ ನೆರೆಯವನ ಬಾವಿ ಎಲ್ಲಿದೆ? ಸಾಲುಮನೆಗಳಲ್ಲಿ ಒಬ್ಬನ ಗುಂಡಿ ಇನ್ನೊಬ್ಬನ ಬಾವಿಗೆ ನೆರೆ. ಇದಕ್ಕೆ ಒಬ್ಬೊಬ್ಬರೇ ಪರಿಹಾರ ಹುಡುಕಲಾಗದು. ಇಡೀ ಬಡಾವಣೆಗೆ ಒಂದು ನೀರಿನ ವ್ಯವಸ್ಥೆ, ಒಂದು ಚರಂಡಿ ವ್ಯವಸ್ಥೆ ಬೇಕು. ಅದನ್ನು ಮಾಡದೆ ಕಲ್ಲು ನೆಟ್ಟು ಮಾರುವವನು ಲಾಭವನ್ನು ತಾನಿಟ್ಟುಕೊಂಡು ರೋಗವನ್ನು ನಮಗೆ ಮಾರುತ್ತಾನೆ.

ಬೈಲುಗದ್ದೆಗೆ ಮಣ್ಣು ತುಂಬಿ ಮಾಡಿದ ನಿವೇಶನವಾದರೆ ಇನ್ನೊಂದು ಅಪಾಯ. ತೋಡು ಮುಚ್ಚಿದರೆ ನೀರು ತನ್ನ ದಾರಿಯನ್ನು ಮರೆಯುವುದಿಲ್ಲ. 2020ರ ಸೆಪ್ಟೆಂಬರ್ 20ರಂದು ಉಡುಪಿ ಜಿಲ್ಲೆಯಲ್ಲಿ ಬಂದ ನೆರೆಯನ್ನು ನೆನೆಯಿರಿ. ಜಾಗ ನೋಡುವುದಾದರೆ ಎಪ್ರಿಲಿನಲ್ಲಿ ನೋಡಬೇಡಿ, ಜುಲೈಯಲ್ಲಿ ನೋಡಿ.

ಬೇರೆ ಕಡೆ ಏನು ಮಾಡಿದರು?

ಒಂದೇ ನಕ್ಷೆಯ ಮನೆಗಳನ್ನು ರಾಶಿರಾಶಿಯಾಗಿ ಕಟ್ಟುವ ಪದ್ಧತಿಗೆ ಹೆಸರಾದದ್ದು ಅಮೆರಿಕದ ಲೆವಿಟ್‌ಟೌನ್. ನ್ಯೂಯಾರ್ಕಿನ ಹೊರವಲಯದಲ್ಲಿ 1947ರಿಂದ 1951ರೊಳಗೆ 17,000ಕ್ಕೂ ಹೆಚ್ಚು ಮನೆ ಕಟ್ಟಿದರು. ಮೊದಲಿನ ಮನೆಗೆ 750 ಚದರಡಿ ಮಾತ್ರ. ಆದರೆ ನಿವೇಶನ 60 ಅಡಿಗೆ 100 ಅಡಿ. ನಮ್ಮ ಲೆಕ್ಕದಲ್ಲಿ ಹದಿಮೂರೂಮುಕ್ಕಾಲು ಸೆಂಟ್ಸ್. ಮೇಲೆ ಅಟ್ಟವನ್ನು ಪೂರ್ತಿ ಮಾಡದೆ ಬಿಟ್ಟಿದ್ದರು. ಮಕ್ಕಳಾದಂತೆ, ಕೈಯಲ್ಲಿ ಕಾಸಾದಂತೆ ಅದನ್ನು ಕೋಣೆ ಮಾಡಿಕೊಳ್ಳಬಹುದಿತ್ತು. ಚಿಕ್ಕ ಮನೆ ಬೆಳೆಯುವಂತೆ ಕಟ್ಟಿದ್ದು ಅದರ ಗುಣ. ಆದರೆ ಕರಿಯರಿಗೆ ಅಲ್ಲಿ ಮನೆ ಕೊಡುತ್ತಿರಲಿಲ್ಲ. ಕರಾರಿನಲ್ಲೇ ಹಾಗೆ ಬರೆದಿದ್ದರು. ನಾವು ಮೂಗು ಮುರಿಯುವ ಮೊದಲು ನಮ್ಮ ಊರನ್ನು ನೋಡಿಕೊಳ್ಳೋಣ. ಕರಾರಿನಲ್ಲಿ ಬರೆಯದೆಯೂ ಜಾತಿ ಕೇಳಿ ಬಾಡಿಗೆ ಕೊಡುವವರು ಇಲ್ಲವೆ? ದಲಿತರ ಕಾಲೊನಿಯನ್ನು ಊರಿನಿಂದ ದೂರ ಇಡುವ ಅಭ್ಯಾಸ ಯಾರದು?

ಅದೇ ಅಮೆರಿಕದಲ್ಲಿ 1950ರಲ್ಲಿ ಹೊಸ ಮನೆಯ ಸರಾಸರಿ ಅಳತೆ ಸಾವಿರ ಚದರಡಿಗೂ ಒಳಗಿತ್ತು; 2015ರ ಹೊತ್ತಿಗೆ 2,600 ದಾಟಿತು. ಈ ನಡುವೆ ಸಂಸಾರ ಚಿಕ್ಕದಾಗಿತ್ತು! ಮನೆ ದೊಡ್ಡದಾದದ್ದು ಜನ ಹೆಚ್ಚಿದ್ದರಿಂದಲ್ಲ ಎಂಬುದು ಸ್ಪಷ್ಟ.

ಇಂಗ್ಲೆಂಡಿನಲ್ಲಿ 1961ರಲ್ಲಿ ಪಾರ್ಕರ್ ಮಾರಿಸ್ ಸಮಿತಿಯ ವರದಿ ಬಂತು. ಆ ಸಮಿತಿ ಮನೆಯೊಳಗೆ ಜನ ಏನೇನು ಮಾಡುತ್ತಾರೆ, ಅದಕ್ಕೆ ಯಾವ ಸಾಮಾನು ಬೇಕು, ಅದರ ಸುತ್ತ ಓಡಾಡಲು ಎಷ್ಟು ತೆರಪು ಬೇಕು ಎಂದು ಮೊದಲು ಲೆಕ್ಕಹಾಕಿ, ಆಮೇಲೆ ಅಳತೆ ಹೇಳಿತು. ಸ್ಥಳೀಯ ಸಂಸ್ಥೆಗಳು ಕಟ್ಟುವ ಮನೆಗಳಿಗೆ ಅದನ್ನು ಕಡ್ಡಾಯ ಮಾಡಿದರು. 1980ರಲ್ಲಿ ಆ ಕಡ್ಡಾಯವನ್ನು ತೆಗೆದುಹಾಕಿದರೂ ರೀತಿ ಮಾತ್ರ ಇಂದಿಗೂ ಸರಿಯಾದುದೇ.

ವಿಯೆನ್ನಾ ನಗರಸಭೆ 1927ರಿಂದ 1930ರೊಳಗೆ ಕಾರ್ಲ್ ಮಾರ್ಕ್ಸ್ ಹೋಫ್ ಎಂಬಲ್ಲಿ ಕಾರ್ಮಿಕರಿಗಾಗಿ 1,382 ಮನೆ ಕಟ್ಟಿತು. ಮನೆಗಳು ಚಿಕ್ಕವೇ. ಆದರೆ ಅವುಗಳ ನಡುವೆ ಎಲ್ಲರಿಗೂ ಸೇರಿದ ಬಟ್ಟೆ ಒಗೆಯುವ ಮನೆ, ಸ್ನಾನಗೃಹ, ಶಿಶುವಿಹಾರ, ಗ್ರಂಥಾಲಯ, ಅಂಗಳಗಳಿದ್ದವು. ಮನೆಯೊಳಗಿನ ಕೊರತೆಯನ್ನು ಹೊರಗಿನಿಂದ ತುಂಬಿದರು. ನಮ್ಮ ಕಾಲೊನಿಯಲ್ಲಿ ಒಳಗೂ ಇಲ್ಲ, ಹೊರಗೂ ಇಲ್ಲ.

ಅಷ್ಟು ದೂರ ಬೇಡವೆಂದರೆ ಸೊಲ್ಲಾಪುರ ನೋಡಿ. ಮರಾಠಿ, ಕನ್ನಡ, ತೆಲುಗು ಆಡುವ ಕಾರ್ಮಿಕರ ಊರು. ಅಲ್ಲಿ ಬೀಡಿ ಕಟ್ಟುವ ಹೆಂಗಸರು ಸಹಕಾರಿ ಸಂಘ ಮಾಡಿಕೊಂಡು, ವರುಷಗಟ್ಟಲೆ ಹೋರಾಡಿ, 2006ರಲ್ಲಿ 10,000 ಮನೆ ಪಡೆದರು. ಆಮೇಲೆ ರೇನಗರ ಎಂಬಲ್ಲಿ ಅಸಂಘಟಿತ ಕಾರ್ಮಿಕರಿಗೆ 30,000 ಮನೆಯ ಯೋಜನೆ ಹಿಡಿದು, ಅದರಲ್ಲಿ 15,000 ಮನೆಗಳು 2024ರ ಜನವರಿಯಲ್ಲಿ ಕೈಸೇರಿದವು. ಒಬ್ಬೊಬ್ಬರೇ ಅರ್ಜಿ ಹಿಡಿದು ಪಂಚಾಯತಿನ ಬಾಗಿಲಲ್ಲಿ ನಿಂತಿದ್ದರೆ ಇದು ಆಗುತ್ತಿತ್ತೆ?

ನಾವು ಏನು ಮಾಡಬೇಕು?

ಮೊದಲು, ಕೊಳ್ಳುವವರಿಗೆ ನಾಲ್ಕು ಮಾತು. 500 ಚದರ ಮೀಟರಿಗಿಂತ, ಅಂದರೆ ಹನ್ನೆರಡೂಕಾಲು ಸೆಂಟ್ಸಿಗಿಂತ ಸ್ವಲ್ಪ ಹೆಚ್ಚು ಜಾಗವನ್ನು ನಿವೇಶನ ಮಾಡಿ ಮಾರುವವರು ರೇರಾದಲ್ಲಿ ನೋಂದಣಿ ಮಾಡಿಸಿರಬೇಕು. ನಂಬರು ಕೇಳಿ. ಅಂಥವರು ನೋಂದಾಯಿತ ಕರಾರು ಇಲ್ಲದೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ. ಕಟ್ಟಿದ ಮನೆಯನ್ನು ಕೊಟ್ಟ ಮೇಲೆ ಐದು ವರುಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ, ತಿಳಿಸಿದ 30 ದಿನದೊಳಗೆ ಅವರೇ ಖರ್ಚಿಲ್ಲದೆ ಸರಿಮಾಡಿಕೊಡಬೇಕು. ಸೋರುವ ಮನೆಯವರು ತಗಡು ತರುವ ಮೊದಲು ಮನೆ ಕೈಗೆ ಬಂದ ತಾರೀಕು ನೋಡಿರಿ.

ಎರಡನೆಯದು, ನಕ್ಷೆಗೆ ಒಪ್ಪಿಗೆ ಕೊಡುವ ಮೊದಲು ಒಂದು ಕೆಲಸ ಮಾಡಿ. ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ಕೋಣೆಗಳನ್ನು ನಿಜವಾದ ಅಳತೆಯಲ್ಲಿ ಬರೆಯಿರಿ. ಅದರೊಳಗೆ ಮಂಚ ಇಡಿ, ಚಾಪೆ ಹಾಸಿ. ಮನೆಯ ಹೆಂಗಸರನ್ನು ಅಡುಗೆಯ ಗೆರೆಯೊಳಗೆ ನಿಲ್ಲಿಸಿ ಕೇಳಿ. ಮುದುಕರನ್ನು ಕಕ್ಕಸಿಗೆ ನಡೆಸಿ ನೋಡಿ. ಸತ್ತವರನ್ನು ಮಲಗಿಸಿ ನಾಲ್ಕು ಜನ ಹೊತ್ತು ತಿರುಗಲು ಬಾಗಿಲು ಸಾಕೇ ಎಂಬುದನ್ನೂ ಸಂಕೋಚವಿಲ್ಲದೆ ನೋಡಿ. ಯಾವ ಮನೆಗೂ ಆ ದಿನ ಬರದೆ ಇರದು. ಸುಣ್ಣಕ್ಕೆ ಹೆಚ್ಚೇನು ಖರ್ಚಿಲ್ಲ. ಗೆರೆಯನ್ನು ಕಾಲಿನಿಂದ ಅಳಿಸಬಹುದು, ಗೋಡೆಯನ್ನು ಅಳಿಸಲಾಗದು.

ಮೂರನೆಯದು, ಸರಕಾರದ ಮುಂದೆ ನಾವೆಲ್ಲರೂ ಸೇರಿ ಇಡಬೇಕಾದ ಬೇಡಿಕೆಗಳು:

ಕಾಲೊನಿ ಮನೆಯ ಕನಿಷ್ಠ ಅಳತೆ 400 ಚದರಡಿ ಆಗಲಿ, ಸಹಾಯಧನವೂ ಅದಕ್ಕೆ ತಕ್ಕಷ್ಟಾಗಲಿ. ಜಗಲಿ ಅದರ ಮೇಲೆ ಬೇರೆ ಇರಲಿ.

ಮುಂದೆ ಒಂದು ಕೋಣೆ ಕೂಡಿಸಿಕೊಳ್ಳುವಂತೆ ತಳಪಾಯವನ್ನೂ ಗೋಡೆಯನ್ನೂ ಮೊದಲೇ ಯೋಚಿಸಿ ನಕ್ಷೆ ಮಾಡಲಿ.

ಕರಾವಳಿಗೆ ಬೇರೆ ಮಾದರಿ ನಕ್ಷೆ ಬರಲಿ: ಇಳಿಜಾರು ಚಾವಣಿ, ಅಗಲ ಸೂರು, ಉಪ್ಪುಗಾಳಿಗೆ ತಕ್ಕ ಕಾಂಕ್ರೀಟು, ಸ್ಥಳೀಯ ಹಂಚು.

ಪ್ರತಿ ಕಾಲೊನಿಗೆ ಮಳೆಗಾಲದಲ್ಲಿ ಬಟ್ಟೆ ಒಣಗಿಸಲು, ಬೀಡಿ ಕಟ್ಟಲು, ಮದುವೆ ಮುಂಜಿಗೆ, ಸಭೆಗೆ ಒದಗುವ ಒಂದು ದೊಡ್ಡ ಮಾಡು ಇರಲಿ. ಕುಡಿಯುವ ನೀರಿಗೆ ಸಾರ್ವಜನಿಕ ವ್ಯವಸ್ಥೆ ಇರಲಿ.

ನಕ್ಷೆ ಮಂಜೂರಾಗುವ ಮೊದಲು ಅದನ್ನು ಗ್ರಾಮಸಭೆಯಲ್ಲಿ, ಪೇಟೆಯಾದರೆ ವಾರ್ಡು ಸಭೆಯಲ್ಲಿ, ಅಲ್ಲಿ ವಾಸಿಸಲಿರುವ ಹೆಂಗಸರ ಮುಂದೆ ಇಡಲಿ.

ಬಂಧುಗಳೇ, ಹಂಚು ಮಾಡಿದವರು ನೀವು, ಕಲ್ಲು ಕಡಿದವರು ನೀವು, ಗಾರೆ ಕೆಲಸ ಮಾಡಿದವರು ನೀವು, ಸಿಮೆಂಟು ಕಬ್ಬಿಣ ಅಂಗಡಿಯಲ್ಲಿ ತೂಗಿ ಕೊಟ್ಟವರೂ ನೀವೇ. ಈ ಮೂರು ತಾಲೂಕುಗಳ ಮನೆಗಳೆಲ್ಲ ನಿಮ್ಮ ಕೈ ಹಾದು ಎದ್ದಿವೆ. ಎಷ್ಟು ದೊಡ್ಡದು, ಎಷ್ಟು ಕೋಣೆ, ಯಾವ ದಿಕ್ಕಿಗೆ ಜಗಲಿ ಎಂದು ಹೇಳುವಾಗ ಮಾತ್ರ ನಿಮ್ಮನ್ನು ಹೊರಗಿಟ್ಟರು. ಆ ಮಾತು ಹೇಳುವ ಕಾಲ ಬಂದಿದೆ. ಮುಂದಿನ ಗ್ರಾಮಸಭೆಯ ದಿನ ಗೊತ್ತಾದೊಡನೆ ನಿಮ್ಮ ನಿಮ್ಮ ಕಾಲೊನಿಯ ಅಳತೆಯನ್ನು ಬರೆದು ತನ್ನಿ: ಎಷ್ಟು ಮನೆ, ಎಷ್ಟು ಚದರಡಿ, ಎಷ್ಟು ಜನ, ಎಷ್ಟು ಸೋರುತ್ತವೆ, ಬಾವಿಗೂ ಗುಂಡಿಗೂ ಎಷ್ಟು ಅಡಿ. ಲೆಕ್ಕ ಕೈಯಲ್ಲಿದ್ದರೆ ಯಾವ ಅಧಿಕಾರಿಯ ಮುಂದೆಯೂ ಕೂತು ಮಾತನಾಡಬಹುದು. ಕೂಡಿಸಿ ಕಳೆಯಲು ಜನ ಬೇಕಾದರೆ ಮಾಸ್ತರಿಕೆ ಬಿಟ್ಟ ನಾವಿದ್ದೇವೆ.